ಸಿಹಿನೀರಿನ ಸಸ್ಯಮತ್ಸ್ಯಾಲಯ: ಹೂಡುವ ಕ್ರಮವೂ ಮೀನು ಬಿಡುವ ಕಾಲವೂ

ಗಾಜಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಗಿಡ ನೆಟ್ಟು, ಮೀನು ಸಾಕಬೇಕೆಂಬ ಅಪೇಕ್ಷೆ ನಮ್ಮ ಶಾಲೆ ಕಾಲೇಜುಗಳಲ್ಲಿ ಹೆಚ್ಚುತ್ತಿರುವುದು ಸಂತೋಷದ ವಿಷಯ. ಆದರೆ ಈ ಸಂಬಂಧವಾಗಿ ಉಪಾಧ್ಯಾಯರು ನಮ್ಮ ವಿಭಾಗಕ್ಕೆ ಕೇಳಿ ಕಳುಹಿಸುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಬಗೆಯವು. ನೀರು ತಿಳಿಯಾಗಿದೆ, ಗಿಡಗಳು ಹಸುರಾಗಿವೆ, ಆಹಾರವನ್ನು ತಪ್ಪದೆ ಹಾಕುತ್ತಿದ್ದೇವೆ. ಆದರೂ ಮೀನುಗಳು ವಾರ ಹತ್ತು ದಿನಗಳೊಳಗೆ ಒಂದೊಂದಾಗಿ ಸತ್ತುವು, ಕಾರಣವೇನು? ಪ್ರಶ್ನೆಯನ್ನು ಕೇಳುವವರು ಸಾಮಾನ್ಯವಾಗಿ ತೊಟ್ಟಿಯೊಳಗೆ ಏನೋ ಕೆಟ್ಟದ್ದು ಸೇರಿತೆಂದು ಊಹಿಸಿರುತ್ತಾರೆ. ವಾಸ್ತವದಲ್ಲಿ ಇರಬೇಕಾದುದೊಂದು ಅಲ್ಲಿ ಇನ್ನೂ ಹುಟ್ಟಿರುವುದಿಲ್ಲ. ಅದು ಯಾವುದು, ಅದನ್ನು ಹುಟ್ಟಿಸಲು ಎಷ್ಟು ಕಾಲ ಬೇಕು, ಅಲ್ಲಿಯವರೆಗೆ ಏನು ಮಾಡುತ್ತಿರಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಉಪದೇಶಕ್ಕೆ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. 2022ರ ಜೂನ್ ತಿಂಗಳಲ್ಲಿ ವಿಭಾಗದ ಮೊಗಸಾಲೆಯಲ್ಲಿ ನಾವು ಹೊಸ ತೊಟ್ಟಿಯೊಂದನ್ನು ಇರಿಸಿದೆವು. ಕಾಲೇಜು ತೆರೆಯುವ ದಿನಕ್ಕೆ ಅದು ಸಿದ್ಧವಾಗಿರಬೇಕೆಂಬ ಆತುರದಲ್ಲಿ, ಕೊಳವೆಬಾವಿಯ ನೀರು ತುಂಬಿದ ಮೂರನೆಯ ದಿನವೇ ಹದಿನೆಂಟು ಮೀನುಗಳನ್ನು ಬಿಟ್ಟೆವು. ಹೋಗಿ ಬರುವ ವಿದ್ಯಾರ್ಥಿಗಳೆಲ್ಲರೂ ಚಿಟಿಕೆ ಚಿಟಿಕೆ ಆಹಾರ ಹಾಕಿದರು. ಆರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದುವು. ಗಾಳಿ ಸಾಲದೆಂದು ಮತ್ತೊಂದು ಗಾಳಿಪಂಪನ್ನು ಹೂಡಿದೆವು; ಪ್ರಯೋಜನವಾಗಲಿಲ್ಲ. ಒಂಬತ್ತನೆಯ ದಿನದ ಹೊತ್ತಿಗೆ ಹನ್ನೊಂದು ಮೀನುಗಳು ಸತ್ತಿದ್ದುವು. ನೀರು ಮಾತ್ರ ಸ್ಫಟಿಕದಂತೆ ಇತ್ತು. ಅಂದು ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಆ ನೀರನ್ನು ಪರೀಕ್ಷೆ ಮಾಡಲಾಗಿ ಅದರಲ್ಲಿ ಅಮೋನಿಯ ಲೀಟರಿಗೆ 3 ಮಿಲಿಗ್ರಾಮಿಗೂ ಮೀರಿತ್ತು. ಸಾರಜನಕದ ಚಕ್ರವನ್ನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದು ಪಾಠ ಹೇಳುವ ನಾವು ಅದನ್ನು ತೊಟ್ಟಿಯ ಮುಂದೆ ನಿಂತಾಗ ಮರೆತಿದ್ದೆವು.

ಮತ್ಸ್ಯಾಲಯದ ಚರಿತ್ರೆಯೂ ಇದೇ ಮರೆವಿನಿಂದ ಮೊದಲಾಗುತ್ತದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು 1850ರಲ್ಲಿ ಅಲ್ಲಿನ ರಸಾಯನ ಸಂಘಕ್ಕೆ ತನ್ನ ಪ್ರಯೋಗವೊಂದರ ವರದಿಯನ್ನು ಸಲ್ಲಿಸಿದನು. ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ವ್ಯಾಲಿಸ್ನೇರಿಯಾ ಗಿಡವನ್ನೂ ಇರಿಸಿ, ಮೀನು ಬಿಡುವ ಇಂಗಾಲಾಮ್ಲವನ್ನು ಗಿಡವೂ, ಗಿಡ ಬಿಡುವ ಆಮ್ಲಜನಕವನ್ನು ಮೀನೂ ಬಳಸಿಕೊಳ್ಳುವುದರಿಂದ ನೀರನ್ನು ಬದಲಿಸದೆಯೇ ಎರಡೂ ಬದುಕಬಲ್ಲುವೆಂದು ಅವನು ತೋರಿಸಲು ಹೊರಟಿದ್ದನು. ಕೊಳೆತ ಎಲೆಗಳಿಂದ ನೀರು ಕದಡಿದಾಗ ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು; ಅವು ಕೊಳೆತುದನ್ನು ತಿಂದು ನೀರನ್ನು ತಿಳಿಗೊಳಿಸಿದುವು. ಇದು ಸುಂದರವಾದ ಪ್ರಯೋಗ. ಗಿಡ, ಮೀನು, ಬಸವನಹುಳು ಎಂಬ ಈ ಮೂರರ ಸಮತೋಲವನ್ನು ಇಂದಿಗೂ ಶಾಲೆಯ ಪುಸ್ತಕಗಳು ಹೇಳುತ್ತವೆ. ಆದರೆ ತೊಟ್ಟಿಯ ನಾಲ್ಕನೆಯ ನಿವಾಸಿ ವಾರಿಂಗ್ಟನ್ನನ ಕಣ್ಣಿಗೆ ಬಿದ್ದಿರಲಿಲ್ಲ. ಆ ಕಾಲದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಮರಳನ್ನೂ ಸುಣ್ಣಕಲ್ಲನ್ನೂ ತುಂಬಿದ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನಗಳವರೆಗೆ ಅಮೋನಿಯವು ಬಂದಂತೆಯೇ ಹೊರಬಿದ್ದಿತು. ಆ ಮೇಲೆ ಅದು ಕಡಮೆಯಾಗಿ ನೈಟ್ರೇಟು ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೊಫಾರಮ್ಮಿನ ಆವಿಯನ್ನು ಹಾಯಿಸಿದಾಗ ಆ ಕ್ರಿಯೆ ನಿಂತುಹೋಯಿತು. ಮರಳು ಸಾಯುವುದಿಲ್ಲ; ಆದುದರಿಂದ ಮರಳಿಗೆ ಅಂಟಿದ್ದ ಯಾವುದೋ ಜೀವಿಯೇ ಈ ಕಾರ್ಯವನ್ನು ನಡೆಸುತ್ತಿರಬೇಕೆಂದು ಅವರು ನಿರ್ಣಯಿಸಿದರು. ಆ ಇಪ್ಪತ್ತು ದಿನಗಳನ್ನು ವಾಚಕರು ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಹೊಸ ಮತ್ಸ್ಯಾಲಯದ ಕಥೆಯೆಲ್ಲ ಅದರಲ್ಲಿ ಅಡಗಿದೆ. ಈ ಶೋಧನೆಯನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಮುಂದುವರಿಸಿ, ಅಮೋನಿಯ ಮೊದಲು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಎರಡು ಹಂತಗಳಲ್ಲಿ ಮಾರ್ಪಡುತ್ತದೆಂದು ತೋರಿಸಿದವನ ಹೆಸರೂ ರಾಬರ್ಟ್ ವಾರಿಂಗ್ಟನ್. ಇವನು ಮೊದಲಿನ ವಾರಿಂಗ್ಟನ್ನನ ಮಗ. ತಂದೆಯ ಗಾಜಿನ ಪಾತ್ರೆಯಲ್ಲಿ ಮೀನುಗಳನ್ನು ಉಳಿಸಿದ್ದ ಕಾಣದ ಕೈಯನ್ನು ಮಗನು ಹೊಲದ ಮಣ್ಣಿನಲ್ಲಿ ಹುಡುಕಿದನೆನ್ನಬಹುದು. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿಯು ಈ ಏಕಾಣುಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು.

ಅಮೋನಿಯವನ್ನು ನೈಟ್ರೈಟಾಗಿಸುವುದು ನೈಟ್ರೊಸೋಮೋನಾಸ್, ನೈಟ್ರೈಟನ್ನು ನೈಟ್ರೇಟಾಗಿಸುವುದು ನೈಟ್ರೊಬ್ಯಾಕ್ಟರ್ ಎಂದು ಬಹುಕಾಲ ಪಾಠ ಹೇಳುತ್ತಿದ್ದೆವು. ಸಿಹಿನೀರಿನ ಮತ್ಸ್ಯಾಲಯಗಳಲ್ಲಿ ಎರಡನೆಯ ಹಂತವನ್ನು ನಡೆಸುವುದು ನೈಟ್ರೊಸ್ಪೈರ ಎಂಬ ಬೇರೆಯ ಕುಲವೆಂದು 1998ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. 2015ರಲ್ಲಿ ಮತ್ತೊಂದು ಆಶ್ಚರ್ಯ: ನೈಟ್ರೊಸ್ಪೈರಗಳಲ್ಲಿ ಕೆಲವು ಎರಡು ಹಂತಗಳನ್ನೂ ತಾವೇ ಪೂರೈಸಬಲ್ಲುವು. ಇದನ್ನು ಕಂಡುಹಿಡಿದ ಎರಡು ತಂಡಗಳಲ್ಲಿ ಒಂದಕ್ಕೆ ಆ ಜೀವಿ ದೊರೆತುದು ಮೀನುಸಾಕಣೆಯ ಶೋಧಕದಲ್ಲಿ ಎಂಬುದು ಇಲ್ಲಿ ಸ್ವಾರಸ್ಯದ ಸಂಗತಿ.

ಈ ಜೀವಿಗಳ ವಿಶೇಷ ಗುಣ ಮಂದಗತಿ. ಕರುಳಿನ ಏಕಾಣುಜೀವಿಯೊಂದು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಗಳಿಗೊಮ್ಮೆ ಇಬ್ಭಾಗವಾಗುತ್ತದೆ. ಇವು ಎಂಟು ಗಂಟೆಗಳಿಂದ ಹಿಡಿದು ಒಂದು ದಿನ, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಮೀನಾದರೋ ಬಿಟ್ಟ ಗಳಿಗೆಯಿಂದಲೇ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕತೊಡಗುತ್ತದೆ. ಉಳಿದ ಆಹಾರವೂ ಕೊಳೆತ ಎಲೆಯೂ ಅದಕ್ಕೆ ಕೂಡುತ್ತವೆ. ಉತ್ಪಾದನೆ ಇಂದು, ವಿಲೇವಾರಿ ಮುಂದಿನ ತಿಂಗಳು ಎಂಬಂತಹ ಸ್ಥಿತಿ ಇದು.

ಅಮೋನಿಯದ ವಿಷವು ನೀರಿನ ಪಿ.ಎಚ್. ಬೆಲೆಯನ್ನು ಅನುಸರಿಸುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿ ಇರುತ್ತದೆ: ವಿದ್ಯುದಂಶವನ್ನು ಹೊತ್ತ ಅಮೋನಿಯಮ್ ಒಂದು, ಬರಿಯ ಅಮೋನಿಯ ಇನ್ನೊಂದು. ಮೊದಲನೆಯದು ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಲಾರದು; ಎರಡನೆಯದು ದಾಟಿ ಕೊಲ್ಲುತ್ತದೆ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪ ಶೇಕಡ 0.6ರಷ್ಟು ಮಾತ್ರ, 8 ಇದ್ದರೆ ಶೇಕಡ 5ಕ್ಕೂ ಹೆಚ್ಚು, 9 ಆದರೆ ಮೂರನೆಯ ಒಂದು ಭಾಗಕ್ಕೂ ಮೀರುತ್ತದೆ. ನಮ್ಮ ಕೊಳವೆಬಾವಿಯ ನೀರಿನ ಪಿ.ಎಚ್. 8.2 ಇದ್ದಿತು. ಅದೇ ಹದಿನೆಂಟು ಮೀನುಗಳನ್ನು ಮಲೆನಾಡಿನ ಮೆದು ನೀರಿನಲ್ಲಿ ಬಿಟ್ಟಿದ್ದರೆ ಬಹುಶಃ ಒಂದೆರಡು ವಾರ ಹೆಚ್ಚಾಗಿ ಬದುಕುತ್ತಿದ್ದುವು. ಒಬ್ಬರ ಅನುಭವ ಇನ್ನೊಬ್ಬರಿಗೆ ಹೊಂದದಿರುವುದಕ್ಕೆ ಇದೇ ಕಾರಣ. ನೈಟ್ರೈಟಿನ ವಿಷ ಬೇರೆ ಬಗೆಯದು. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾರ್ಪಡಿಸುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಆಗ ನೀರಿನಲ್ಲಿ ಆಮ್ಲಜನಕ ಎಷ್ಟಿದ್ದರೂ ಮೀನಿಗೆ ಉಸಿರು ಕಟ್ಟುತ್ತದೆ.

ಇನ್ನು ತೊಟ್ಟಿಯನ್ನು ಹೂಡುವ ಕ್ರಮ. ಎರಡನೆಯ ಸಲ ನಾವು ಮಾಡಿದುದನ್ನೇ ಹೇಳುತ್ತೇವೆ. ತೊಟ್ಟಿಯ ಒಳ ಅಳತೆ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಗಾಜು 10 ಮಿಲಿಮೀಟರ್ ದಪ್ಪ. ಇದರಲ್ಲಿ ಮಣ್ಣು ಮರಳು ಹೋಗಿ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಗಾಜು, ನೀರು, ಮರಳು, ಕಲ್ಲು ಎಲ್ಲವೂ ಸೇರಿ ತೂಕ ಹೆಚ್ಚುಕಡಮೆ 240 ಕಿಲೋಗ್ರಾಂ. ಪುಸ್ತಕದ ಕಪಾಟಿನ ಮೇಲೆ ಇಡತಕ್ಕ ವಸ್ತು ಇದಲ್ಲ. ಕಲ್ಲುಹಲಗೆಯ ಕಟ್ಟೆಯಾದರೆ ಉತ್ತಮ; ಇಲ್ಲವಾದರೆ ಕಬ್ಬಿಣದ ಗಟ್ಟಿ ಮೇಜು ಬೇಕು. ಗಾಜಿನ ತಳಕ್ಕೂ ಕಟ್ಟೆಗೂ ನಡುವೆ ಬೆರಳು ದಪ್ಪದ ಥರ್ಮೊಕೋಲ್ ಹಲಗೆಯನ್ನು ಹಾಸಿದರೆ ಕಟ್ಟೆಯ ಏರುತಗ್ಗುಗಳಿಂದ ಗಾಜು ಸೀಳುವುದಿಲ್ಲ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಕೂಡದು. ಎರಡೇ ವಾರಗಳಲ್ಲಿ ನೀರು ಪಾಚಿಯಿಂದ ಹಸುರಾಗಿಬಿಡುತ್ತದೆ. ಚಿಕ್ಕ ತೊಟ್ಟಿ ಸುಲಭವೆಂದು ಬಹುಮಂದಿ ತಿಳಿದಿದ್ದಾರೆ. ಅದು ತಪ್ಪು. ನೀರು ಕಡಮೆಯಾದಷ್ಟೂ ಉಷ್ಣತೆಯೂ ಅಮೋನಿಯವೂ ಬೇಗ ಏರಿಳಿಯುವುದರಿಂದ ಹೊಸಬರಿಗೆ ದೊಡ್ಡ ತೊಟ್ಟಿಯೇ ಕ್ಷೇಮ.

ತಳದಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ಕೆಮ್ಮಣ್ಣನ್ನು ಹರಡಿದೆವು. ಗೊಬ್ಬರ ಸೇರದ ತೋಟದ ಮಣ್ಣನ್ನು ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಸಿ, ಮೇಲಿನ ನೀರನ್ನು ಚೆಲ್ಲಿ ಒಣಗಿಸಿ, ಮತ್ತೆ ನೆನೆಸಿ, ಹೀಗೆ ಮೂರು ಸಲ ಮಾಡಿದ ಮೇಲೆ ಬಳಸಿದುದು. ಇದರಿಂದ ಮಣ್ಣಿನಲ್ಲಿ ಇನ್ನೂ ಕೊಳೆಯಬೇಕಾಗಿದ್ದ ಅಂಶ ಹೊರಗೇ ಕೊಳೆತು ಮುಗಿಯುತ್ತದೆ. ಕೆಂಪು ಮಣ್ಣಿನ ಕಬ್ಬಿಣ ಗಿಡಗಳಿಗೆ ಹಿತ. ಕೆರೆಯ ಹೂಳು ಇನ್ನೂ ಫಲವತ್ತಾದುದಲ್ಲವೆ ಎಂದು ಒಬ್ಬರು ಕೇಳಿದರು. ಹೊಲಕ್ಕೆ ಅದು ವರವೇ ಹೌದು, ಆದರೆ ಗಾಜಿನ ತೊಟ್ಟಿಯಲ್ಲಿ ಅದು ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬಿಡುತ್ತದೆ. ಮಣ್ಣಿನ ಮೇಲೆ ಮೂರೂವರೆ ಸೆಂಟಿಮೀಟರ್ ಮರಳು. ಮರಳಿನ ಮೇಲೆ ನಾಲ್ಕು ಹನಿ ತೆಳು ಹೈಡ್ರೊಕ್ಲೋರಿಕ್ ಆಮ್ಲ ಬಿಟ್ಟು ನೋಡಬೇಕು. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿದು ಬಿಡಬೇಕು. ಕಟ್ಟಡಗಳಿಗೆ ಬಳಸುವ ಯಂತ್ರದ ಮರಳಿನ ಹರಳುಗಳು ಚೂಪಾಗಿರುವುದರಿಂದ ತಳವನ್ನು ಕೆದಕುವ ಮೀನುಗಳ ಬಾಯಿಗೆ ಅದು ಒಳ್ಳೆಯದಲ್ಲ.

ನೀರಿನ ವಿಷಯದಲ್ಲಿ ಸಂಕ್ಷೇಪವಾಗಿ ಹೇಳುವುದಾದರೆ, ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಅದು ಮೀನನ್ನೂ ಕೊಲ್ಲುತ್ತದೆ, ನಾವು ಸಾಕಹೊರಟಿರುವ ಏಕಾಣುಜೀವಿಗಳನ್ನೂ ಕೊಲ್ಲುತ್ತದೆ. ಒಂದು ದಿನ ತೆರೆದ ಪಾತ್ರೆಯಲ್ಲಿ ಗಾಳಿಯಾಡಿಸಿ ಇಡಬೇಕು, ಅಥವಾ ಸೋಡಿಯಂ ಥಯೋಸಲ್ಫೇಟನ್ನು ಬೆರೆಸಬೇಕು. ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂ ಇದ್ದಲ್ಲಿ 150 ಲೀಟರಿಗೆ 1 ಗ್ರಾಂ ಹರಳು ಸಾಕು. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿಗೆ ಮಳೆಯ ನೀರನ್ನು ಬೆರೆಸಿಕೊಳ್ಳಬಹುದು. ಮೊದಲ ಮಳೆಯ ನೀರು ಬೇಡ. ಅತಿ ಮೆದುವಾದ ನೀರಿಗೂ ಒಂದು ದೋಷವುಂಟು. ಏಕಾಣುಜೀವಿಗಳು ಅಮೋನಿಯವನ್ನು ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯದಲ್ಲಿನ ಸಾರಜನಕದ ಪ್ರತಿ 1 ಮಿಲಿಗ್ರಾಮಿಗೆ ನೀರಿನ ಕ್ಷಾರಗುಣ, ಸುಣ್ಣದ ಕಾರ್ಬೊನೇಟಿನ ಲೆಕ್ಕದಲ್ಲಿ, 7 ಮಿಲಿಗ್ರಾಮಿಗೂ ಹೆಚ್ಚಾಗಿ ಖರ್ಚಾಗುತ್ತದೆ. ಮಲೆನಾಡಿನವರು ಚಿಪ್ಪಿನ ಚೂರುಗಳನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಪಿ.ಎಚ್. ಕುಸಿಯುವುದು ತಪ್ಪುತ್ತದೆ.

ಶೋಧಕಕ್ಕಾಗಿ ಗಾಳಿಪಂಪಿನಿಂದ ನಡೆಯುವ ಸಾಧಾರಣ ಸ್ಪಂಜಿನ ಶೋಧಕಗಳೆರಡನ್ನು ಇರಿಸಿದೆವು. ಸ್ಪಂಜು ಕಸವನ್ನು ಹಿಡಿಯುವ ಜರಡಿಯೆಂದು ಭಾವಿಸುವವರುಂಟು. ಅದು ಮುಖ್ಯವಾಗಿ ಏಕಾಣುಜೀವಿಗಳ ವಸತಿ. ಅದನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ತೊಳೆದವರು ತಮ್ಮ ತೊಟ್ಟಿಯನ್ನು ಮತ್ತೆ ಮೊದಲನೆಯ ದಿನಕ್ಕೆ ತಂದಂತಾಯಿತು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು. ಬೆಂಗಳೂರು ಮೈಸೂರುಗಳ ಚಳಿಗಾಲಕ್ಕೆ ನಮ್ಮ ಹೊಳೆಗಳ ಮೀನುಗಳು ಒಗ್ಗಿಕೊಳ್ಳುವುದರಿಂದ ನೀರು ಕಾಯಿಸುವ ಉಪಕರಣ ಬೇಡ.

ಗಿಡಗಳ ಆಯ್ಕೆಯಲ್ಲಿ ನಾವು ಎರಡು ತಂಡಗಳನ್ನು ಮಾಡಿಕೊಂಡೆವು. ಹೈಡ್ರಿಲ್ಲ, ಸೆರಟೊಫಿಲ್ಲಮ್, ವ್ಯಾಲಿಸ್ನೇರಿಯಾ ಮೊದಲನೆಯ ತಂಡ. ಇವು ನಮ್ಮ ಕೆರೆಕಾಲುವೆಗಳ ಗಿಡಗಳು, ಬೇಗ ಬೆಳೆಯುವುವು, ನೀರಿನ ಅಮೋನಿಯವನ್ನು ನೇರವಾಗಿ ಹೀರುವುವು. ಜಲಸಸ್ಯಗಳಲ್ಲಿ ಅನೇಕವು ನೈಟ್ರೇಟಿಗಿಂತ ಅಮೋನಿಯವನ್ನೇ ಮೊದಲು ಬಳಸುತ್ತವೆ. ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಹೊರತಂದ ಗ್ರಂಥದಲ್ಲಿ ಈ ಅಂಶವನ್ನು ಆಧಾರಗಳೊಡನೆ ಪ್ರತಿಪಾದಿಸಿದ್ದಾರೆ. ಆದುದರಿಂದ ಹೊಸ ತೊಟ್ಟಿಯಲ್ಲಿ ಇವು ಏಕಾಣುಜೀವಿಗಳು ಬರುವವರೆಗಿನ ಕಾವಲುಗಾರರು. ಎರಡನೆಯ ತಂಡ ಪಶ್ಚಿಮ ಘಟ್ಟಗಳ ಹೊಳೆಗಳಲ್ಲಿ ಕಲ್ಲುಗಳ ನಡುವೆ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್, ಹಾಗೂ ರೋಟಾಲ ಜಾತಿಗಳು, ನೀರುಬ್ರಾಹ್ಮಿ ಮೊದಲಾದುವು. ಕ್ರಿಪ್ಟೊಕೊರೈನ್ ನೆಟ್ಟ ವಾರದಲ್ಲೇ ಎಲೆಗಳನ್ನೆಲ್ಲ ಕರಗಿಸಿಕೊಂಡು ಸತ್ತಂತೆ ಕಾಣುತ್ತದೆ. ಕಿತ್ತೆಸೆಯಬಾರದು. ಬೇರಿಗೆ ಜೀವವಿರುತ್ತದೆ, ತಿಂಗಳೊಳಗೆ ಹೊಸ ಎಲೆ ಬರುತ್ತದೆ. ಕರಗಿದ ಎಲೆಗಳನ್ನು ಮಾತ್ರ ಅಂದಂದೇ ತೆಗೆಯಬೇಕು. ಮಾರುವವರು ಅನೇಕ ಗಿಡಗಳನ್ನು ನೀರಿನ ಹೊರಗೆ ಬೆಳೆಸಿರುವುದರಿಂದ ಅವೂ ಹಳೆಯ ಎಲೆಗಳನ್ನು ಉದುರಿಸಿ ನೀರಿಗೆ ತಕ್ಕ ಎಲೆಗಳನ್ನು ಬಿಡುತ್ತವೆ.

ಕೆರೆಯಿಂದ ತಂದ ಗಿಡಗಳೊಡನೆ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ, ಬಸವನಹುಳುವಿನ ಮೊಟ್ಟೆ ಎಲ್ಲವೂ ಬರುತ್ತವೆ. ಲೀಟರಿಗೆ 10 ಮಿಲಿಗ್ರಾಮಿನಂತೆ ಪೊಟಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ನೆಡಬೇಕು. ವಾರಿಂಗ್ಟನ್ನನನ್ನು ಅನುಸರಿಸಿ ದನ ಇಳಿಯುವ ಕಟ್ಟೆಗಳಿಂದ ಬಸವನಹುಳುಗಳನ್ನು ತರುವುದು ಮಾತ್ರ ಬೇಡ. ಅಲ್ಲಿ ಸಾಮಾನ್ಯವಾದ ಇಂಡೊಪ್ಲಾನಾರ್ಬಿಸ್ ಎಂಬ ಚಪ್ಪಟೆ ಬಸವನಹುಳು ದನಗಳ ರಕ್ತಕೃಮಿಯ ಮಧ್ಯವರ್ತಿ ಆತಿಥೇಯ; ಅದರಿಂದ ಹೊರಬೀಳುವ ಮರಿಕೃಮಿಗಳು ಮನುಷ್ಯನ ಚರ್ಮಕ್ಕೆ ತಗುಲಿದರೆ ತುರಿಯುಂಟಾಗುತ್ತದೆ.

ಬೆಳಕು ದಿನಕ್ಕೆ ಎಂಟು ಗಂಟೆ ಸಾಕು. ಹೊಸಬರು ಗಿಡ ಬೆಳೆಯಲಿಲ್ಲವೆಂದು ಬೆಳಕನ್ನು ಹೆಚ್ಚಿಸುತ್ತ ಹೋಗುತ್ತಾರೆ, ಬೆಳೆಯುವುದು ಪಾಚಿ. ನೀರಿನಲ್ಲಿ ಇಂಗಾಲಾಮ್ಲ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ಹರಡುವುದರಿಂದ ಗಿಡಕ್ಕೆ ಸಾಮಾನ್ಯವಾಗಿ ಕೊರತೆಯಾಗುವುದು ಬೆಳಕಲ್ಲ, ಇಂಗಾಲ. ಉರುಳೆಯಿಂದ ಆ ಅನಿಲವನ್ನು ಹಾಯಿಸಿ ಗಿಡಗಳನ್ನು ವೇಗವಾಗಿ ಬೆಳೆಸುವ ಪದ್ಧತಿಯುಂಟು. ನಾವು ಅದನ್ನು ಕೈಗೊಳ್ಳಲಿಲ್ಲ. ಹೈಡ್ರಿಲ್ಲ ವ್ಯಾಲಿಸ್ನೇರಿಯಾಗಳು ಬೈಕಾರ್ಬೊನೇಟಿನಿಂದಲೂ ಇಂಗಾಲವನ್ನು ಪಡೆಯಬಲ್ಲುವು, ಮಣ್ಣಿನ ಕೊಳೆತದಿಂದ ಸ್ವಲ್ಪ ದೊರೆಯುತ್ತದೆ. ಶಾಲೆಯ ತೊಟ್ಟಿಗೆ ಇಷ್ಟು ಸಾಕು. ಎರಡನೆಯ ವಾರದಲ್ಲಿ ಗಾಜಿನ ಮೇಲೆ ಕಂದುಬಣ್ಣದ ಡಯಾಟಮ್ ಪಾಚಿ ಕಾಣಿಸಿಕೊಳ್ಳುವುದು ಸಹಜ. ಒರಸಿ ತೆಗೆಯಬೇಕು, ಗಾಬರಿಪಡಬೇಕಾದುದಿಲ್ಲ.

ಇನ್ನು ಕಾಯುವ ಕಾಲ. ನಮ್ಮ ಅಭಿಪ್ರಾಯದಲ್ಲಿ ಹೊಸ ತೊಟ್ಟಿಯ ನಿಜವಾದ ಕೆಲಸ ಇದೇ. ಮೀನಿಲ್ಲದ ತೊಟ್ಟಿಯಲ್ಲಿ ಏಕಾಣುಜೀವಿಗಳಿಗೆ ಆಹಾರವಿಲ್ಲ. ಬರಿದೆ ತಿಂಗಳು ಬಿಟ್ಟರೆ ತಿಂಗಳ ಕೊನೆಗೂ ಅದು ಹೊಸ ತೊಟ್ಟಿಯೇ. ಆದುದರಿಂದ ಮೀನಿನ ಬದಲು ನಾವೇ ಅಮೋನಿಯವನ್ನು ಒದಗಿಸಬೇಕು. ಪ್ರಯೋಗಶಾಲೆಯ ಅಮೋನಿಯಂ ಕ್ಲೋರೈಡ್ 1 ಗ್ರಾಮನ್ನು 150 ಲೀಟರಿನಲ್ಲಿ ಕರಗಿಸಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಆಗುತ್ತದೆ. ಎರಡು ದಿನಗಳಿಗೊಮ್ಮೆ ಪರೀಕ್ಷೆ ಮಾಡಿ, ಕಡಮೆಯಾದಾಗ ಮಾತ್ರ ಮತ್ತೆ ಹಾಕಬೇಕು. ಪರೀಕ್ಷೆಗೆ ಅಂಗಡಿಯಲ್ಲಿ ದೊರೆಯುವ ಹನಿದ್ರಾವಣಗಳೇ ಸಾಕು. ನೆಸ್ಲರ್ ದ್ರಾವಣದಲ್ಲಿ ಪಾದರಸವಿರುವುದರಿಂದ ಅದನ್ನು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಎರಡನೆಯ ಸಲ ನಾವು ನಕ್ಷೆಯನ್ನು ಬರೆಯುತ್ತ ಬಂದೆವು. ಮೊದಲ ಹತ್ತು ದಿನ ಅಮೋನಿಯದ ರೇಖೆ ಕದಲಲಿಲ್ಲ. ಅನಂತರ ಅದು ಇಳಿದು, ನೈಟ್ರೈಟಿನ ಪರೀಕ್ಷೆಯ ನಳಿಗೆಯಲ್ಲಿ ನಸುಗೆಂಪು ಬಂದಿತು. ಆ ಬಣ್ಣ ದಿನದಿನಕ್ಕೆ ಗಾಢವಾಗುತ್ತ ಹೋದಾಗ ವಿದ್ಯಾರ್ಥಿಗಳು ತೊಟ್ಟಿ ಕೆಟ್ಟಿತೆಂದೇ ತಿಳಿದರು. ಅದು ಎರಡನೆಯ ಗುಂಪಿನ ಏಕಾಣುಜೀವಿಗಳು ಇನ್ನೂ ಹೆಚ್ಚಬೇಕಾದ ಕಾಲ, ಮೊದಲನೆಯದಕ್ಕಿಂತ ದೀರ್ಘವಾದುದು. ಐದನೆಯ ವಾರದಲ್ಲಿ ಒಂದು ಬೆಳಿಗ್ಗೆ ನಳಿಗೆಯಲ್ಲಿ ಬಣ್ಣವೇ ಬರಲಿಲ್ಲ. ಪರೀಕ್ಷಾದ್ರಾವಣ ಹಳೆಯದಾಯಿತೋ ಎಂದು ಶಂಕಿಸಿ ಬೇರೆ ಸೀಸೆಯಿಂದಲೂ ನೋಡಿದೆವು. ಆ ಸಂಜೆ 1 ಗ್ರಾಂ ಹಾಕಿ ಮರುದಿನ ಸಂಜೆಗೆ ಅಮೋನಿಯವೂ ನೈಟ್ರೈಟೂ ಎರಡೂ ಇಲ್ಲದಿರುವುದನ್ನು ಕಂಡಮೇಲೆ ತೊಟ್ಟಿ ಸಿದ್ಧವಾಯಿತೆಂದು ನಿಶ್ಚಯಿಸಿ, ಸೇರಿದ್ದ ನೈಟ್ರೇಟನ್ನು ಕಡಮೆ ಮಾಡಲು ಅರ್ಧ ನೀರನ್ನು ಬದಲಿಸಿದೆವು. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ; ತಣ್ಣಗಿನ ನೀರಿನಲ್ಲಿ ಇನ್ನೂ ಹೆಚ್ಚು.

ಮೀನುಗಳ ಆಯ್ಕೆಗೆ ಬಂದಾಗ ನಾವು ಸ್ವಲ್ಪ ಪಕ್ಷಪಾತಿಗಳೆಂದು ವಾಚಕರು ಭಾವಿಸಬಹುದು. ಅಂಗಡಿಗಳಲ್ಲಿ ದಕ್ಷಿಣ ಅಮೆರಿಕದ ಮೀನುಗಳು ಹೇರಳವಾಗಿರುವಾಗ ನಮ್ಮ ಹೊಳೆಗಳ ಮೀನುಗಳನ್ನೇ ಏಕೆ ಆರಿಸಬೇಕು? ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದು, 1932ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣ ರಾಯರು ಮೈಸೂರು ಸೀಮೆಯ ಹೊಳೆಗಳ ಮೀನುಗಳನ್ನು ವರ್ಣಿಸಿದವರು. ಕೊಡಗಿನ ಕಾವೇರಿಯಿಂದ ಬಂದ ಒಂದು ಚಿಕ್ಕ ಮೀನಿಗೆ ಸುಂದರಲಾಲ್ ಹೋರಾ ಅವರು 1937ರಲ್ಲಿ ನಾರಾಯಣ ರಾಯರ ಹೆಸರನ್ನೇ ಇಟ್ಟರು. ಇಂದು ಅದಕ್ಕೆ ಪೇಥಿಯಾ ನಾರಾಯಣಿ ಎಂದು ಹೆಸರು. ಬೆರಳುದ್ದವೂ ಇಲ್ಲದ, ಮೈಮೇಲೆ ಕಪ್ಪು ಗುರುತುಗಳುಳ್ಳ ಈ ಮೀನು ಗಿಡಗಳ ನಡುವೆ ಗುಂಪಾಗಿ ಓಡಾಡುವುದನ್ನು ನೋಡಿದ ಜೀವಶಾಸ್ತ್ರದ ವಿದ್ಯಾರ್ಥಿಗೆ ತನ್ನ ಶಾಸ್ತ್ರದ ಚರಿತ್ರೆಯೂ ಸ್ವಲ್ಪ ತಿಳಿದಂತಾಗುತ್ತದೆ.

ಆದರೆ ನಮ್ಮ ಹೊಳೆಯ ಮೀನೆಂದು ಎಲ್ಲವನ್ನೂ ಹಿಡಿದು ತರಬಹುದೆಂದು ಅರ್ಥವಲ್ಲ. ನಾರಾಯಣ ರಾಯರೇ 1920ರಲ್ಲಿ ತುಂಗಾ ನದಿಯಿಂದ ವರ್ಣಿಸಿದ ಬೋಟಿಯಾ ಸ್ಟ್ರಯೇಟಾ ಎಂಬ ಪಟ್ಟೆಪಟ್ಟೆಯ ಮೀನು ಬಸವನಹುಳುಗಳನ್ನು ತಿನ್ನುವುದಕ್ಕಾಗಿ ಲೋಕದ ನಾನಾ ಕಡೆಯ ಮತ್ಸ್ಯಾಲಯಗಳಿಗೆ ಹೋಗಿದೆ. ಇಂದು ಅದು ಅಳಿವಿನ ಅಂಚಿನ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿದ, ಈಗ ಸಹ್ಯಾದ್ರಿಯಾ ಡೆನಿಸೋನಿಯೈ ಎಂದು ಕರೆಯಿಸಿಕೊಳ್ಳುವ ಕೆಂಪುಗೆರೆಯ ಮೀನಿನ ಸ್ಥಿತಿಯೂ ಹಾಗೆಯೇ; ಹೊಳೆಯಿಂದ ಹಿಡಿದು ರಫ್ತುಮಾಡುವ ವ್ಯಾಪಾರವೇ ಅದಕ್ಕೆ ಮುಖ್ಯ ಅಪಾಯವಾಯಿತು. ಇವನ್ನು ಹೊಳೆಯಿಂದ ತರಕೂಡದು. ಇತರ ಮೀನುಗಳನ್ನೂ ರಕ್ಷಿತಾರಣ್ಯದ ಹೊಳೆಗಳಲ್ಲಿ ಅನುಮತಿಯಿಲ್ಲದೆ ಹಿಡಿಯತಕ್ಕದ್ದಲ್ಲ. ಸಾಕಿ ಮರಿಮಾಡಿದವರಿಂದ ಪಡೆಯುವುದೇ ಸರಿಯಾದ ದಾರಿ.

ನಾವು ಮೊದಲು ಬಿಟ್ಟುದು ಹತ್ತು ಡೇನಿಯೋ ರೆರಿಯೊ ಮೀನುಗಳನ್ನು. ನೀಲಿ ಗೆರೆಗಳ ಈ ಚಿಕ್ಕ ಮೀನನ್ನು ಹ್ಯಾಮಿಲ್ಟನ್ 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದನು. 1981ರಲ್ಲಿ ಅಮೆರಿಕದ ಜಾರ್ಜ್ ಸ್ಟ್ರೈಸಿಂಗರ್ ಪ್ರಕಟಿಸಿದ ಸಂಶೋಧನೆಯ ಅನಂತರ ಅದು ಪ್ರಯೋಗಶಾಲೆಗಳ ಮುಖ್ಯ ಪ್ರಾಣಿಗಳಲ್ಲಿ ಒಂದಾಗಿದೆ. ಎಲ್ಲೆಡೆಯೂ ಸಾಕಿದ ಮೀನೇ ದೊರೆಯುತ್ತದೆ, ಗಟ್ಟಿಮುಟ್ಟಾದುದು. ಮೂರು ವಾರಗಳ ಬಳಿಕ, ವಿಭಾಗದ ಸಿಮೆಂಟು ತೊಟ್ಟಿಯಲ್ಲಿ ಮರಿಯಾಗಿದ್ದ ಎಂಟು ಪೇಥಿಯಾ ನಾರಾಯಣಿಗಳನ್ನೂ, ಮತ್ತೆ ಮೂರು ವಾರಗಳ ಮೇಲೆ ಮರಳನ್ನು ಜರಡಿಯಾಡಿ ತಿನ್ನುವ ಲೆಪಿಡೊಸೆಫಲಿಕ್ತಿಸ್ ಥರ್ಮಾಲಿಸ್ ಐದನ್ನೂ ಸೇರಿಸಿದೆವು. ಹೀಗೆ ಕಂತುಗಳಲ್ಲಿ ಬಿಡುವುದಕ್ಕೆ ಕಾರಣವಿದೆ: ಏಕಾಣುಜೀವಿಗಳ ಸಂಖ್ಯೆ ಅವುಗಳಿಗೆ ದೊರೆಯುವ ಅಮೋನಿಯಕ್ಕೆ ತಕ್ಕಷ್ಟೇ ಇರುತ್ತದೆ. ಪ್ರತಿ ಕಂತನ್ನೂ ಬಿಡುವ ಮೊದಲು ಎರಡು ವಾರ ಬೇರೆ ಪಾತ್ರೆಯಲ್ಲಿ ಇಟ್ಟು, ರೋಗದ ಲಕ್ಷಣಗಳಿಲ್ಲವೆಂದು ನೋಡಿಕೊಂಡೆವು. ಸೊಳ್ಳೆಯ ಮರಿಗಳನ್ನು ತಿನ್ನುವ ನಮ್ಮ ಅಪ್ಲೊಕೈಲಸ್ ಲಿನಿಯೇಟಸ್ ನೋಡಲು ಬಲು ಸೊಗಸು. ಆದರೆ ಅದರ ಬಾಯಿ ಅಗಲ, ಚಿಕ್ಕ ಮೀನುಗಳೊಡನೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಬೇರೆ ತೊಟ್ಟಿ ಬೇಕು. ಮೀನು ತಂದ ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಸಿ, ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರನ್ನು ಬೆರೆಸಿ, ಕೊನೆಗೆ ಬಲೆಯಿಂದ ಎತ್ತಿ ಬಿಡಬೇಕು. ಚೀಲದ ನೀರನ್ನು ಸುರಿಯಬಾರದು.

ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರ ದಿನಕ್ಕೊಮ್ಮೆ ಸಾಕು. ತೊಟ್ಟಿಯ ಮೇಲೆ ಒಂದು ಚೀಟಿ ಅಂಟಿಸಿ, ಹಾಕಿದವರು ತಾರೀಖಿನ ಮುಂದೆ ರುಜು ಮಾಡಬೇಕೆಂದು ಏರ್ಪಡಿಸಿದ ಮೇಲೆಯೇ ನಮ್ಮಲ್ಲಿ ಅತಿ ಆಹಾರ ನಿಂತುದು. ವಾರಕ್ಕೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸುತ್ತೇವೆ. ಬೇಸಗೆಯಲ್ಲಿ ಎಚ್ಚರ ಹೆಚ್ಚು ಬೇಕು: 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ 30 ಡಿಗ್ರಿಯದು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಆಗಲೇ ವಿದ್ಯುತ್ತು ಹೋಗುವುದೂ ಹೆಚ್ಚು. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಸಿದ್ಧವಾಗಿರಲಿ. ಉಸಿರು ಕಟ್ಟುವುದು ಮೀನಿಗೆ ಮಾತ್ರವಲ್ಲ, ಸ್ಪಂಜಿನಲ್ಲಿರುವ ಜೀವಿಗಳಿಗೂ.

ಬೇಡವಾದ ಮೀನನ್ನಾಗಲಿ ಕತ್ತರಿಸಿದ ಗಿಡವನ್ನಾಗಲಿ ಕೆರೆಗೆ ಬಿಡಬಾರದೆಂದು ಇಲ್ಲಿ ಒತ್ತಿ ಹೇಳುತ್ತೇವೆ. ಸೊಳ್ಳೆಯ ನಿವಾರಣೆಗೆಂದು 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯ ಮೀನು ಇಂದು ಸ್ಥಳೀಯ ಮೀನುಗಳ ಮರಿಮೊಟ್ಟೆಗಳನ್ನೂ ತಿನ್ನುತ್ತಿದೆ. ಗಾಜಿನ ಪಾಚಿ ತಿನ್ನಲೆಂದು ಕೊಂಡ ದಕ್ಷಿಣ ಅಮೆರಿಕದ ಕವಚಮೀನು ಮೊಳದುದ್ದ ಬೆಳೆದಾಗ ಜನರು ಅದನ್ನು ಹತ್ತಿರದ ಕೆರೆಗೆ ಹಾಕಿ ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುತ್ತಾರೆ. ಅದು ಈಗ ನಮ್ಮ ಕೆರೆನದಿಗಳಲ್ಲಿ ನೆಲೆಯೂರಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. 2020ರಲ್ಲಿ ಕೇರಳದ ಆವಳಪಾಂಡಿಯಲ್ಲಿ ಕಾಲುವೆಯನ್ನು ತುಂಬ ಗುಲಾಬಿ ಹೂವಾಗಿ, ಜನರು ತಂಡತಂಡವಾಗಿ ನೋಡಲು ಹೋದ ಕ್ಯಾಬೋಂಬಾ ಫರ್ಕೇಟಾ ಮತ್ಸ್ಯಾಲಯಗಳಲ್ಲಿ ಬೆಳೆಸುವ ವಿದೇಶೀ ಗಿಡ. ನಮ್ಮ ವಿಭಾಗದಲ್ಲಿ ಕತ್ತರಿಸಿದ ಗಿಡಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇವೆ.

ತೊಟ್ಟಿಯನ್ನು ಹೂಡಬಯಸುವ ಶಾಲೆಗಳಿಗೆ ನಾವು ಕೊಡುತ್ತಿರುವುದು ಮುಖ್ಯವಾಗಿ ಮೀನಲ್ಲ. ನಮ್ಮ ಶೋಧಕಗಳಲ್ಲಿ ಒಂದರ ಹಳೆಯ ಸ್ಪಂಜನ್ನು ಅರ್ಧ ಕತ್ತರಿಸಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿದ ಹಾಗೆಯೇ ಡಬ್ಬಿಯಲ್ಲಿ ಇಟ್ಟು ಕಳುಹಿಸುತ್ತೇವೆ. ಅದನ್ನು ಹೊಸ ತೊಟ್ಟಿಯ ಶೋಧಕದೊಳಕ್ಕೆ ಸೇರಿಸಿದರೆ ಐದಾರು ವಾರಗಳ ಕಾಯುವಿಕೆ ಬಹಳಮಟ್ಟಿಗೆ ಕಡಮೆಯಾಗುತ್ತದೆ; ಆದರೂ ಅಮೋನಿಯಂ ಕ್ಲೋರೈಡಿನ ಪರೀಕ್ಷೆಯನ್ನು ಮಾಡಿಯೇ ಮೀನು ಬಿಡಬೇಕು. ಸ್ಪಂಜು ಒಣಗಬಾರದು, ಡಬ್ಬಿಯನ್ನು ಬಿಸಿಲಿನಲ್ಲಿ ಇಡಬಾರದು, ಮುಚ್ಚಳದ ಕೆಳಗೆ ಗಾಳಿಗೆ ಅರ್ಧ ಜಾಗ ಬಿಟ್ಟಿರಬೇಕು. ಬೆಳಿಗ್ಗೆ ಬಂದು ಅದೇ ದಿನ ಊರು ತಲಪಬಲ್ಲವರಿಗೆ ಮಾತ್ರ ಇದನ್ನು ಕೊಡುತ್ತಿದ್ದೇವೆ.